ದೀಪದ ಲೆಕ್ಕ ವಾಟ್‌ನಲ್ಲೇ ಮುಗಿಯುವುದಿಲ್ಲ

2020ರ ಏಪ್ರಿಲ್ 5, ಭಾನುವಾರ. ಕೊರೊನಾ ಲಾಕ್‌ಡೌನ್‌ನ ಆ ದಿನಗಳಲ್ಲಿ ರಾತ್ರಿ 9 ಗಂಟೆಗೆ 9 ನಿಮಿಷಗಳ ಕಾಲ ಮನೆಯ ವಿದ್ಯುತ್ ದೀಪ ಆರಿಸಿ ಹಣತೆ ಹಚ್ಚುವಂತೆ ಪ್ರಧಾನಿ ನರೇಂದ್ರ ಮೋದಿ ಕರೆ ನೀಡಿದ್ದರು. ಜನರಿಗೆ ಅದು ಒಗ್ಗಟ್ಟಿನ ಸಂಕೇತವಾಗಿತ್ತು. ರಾಷ್ಟ್ರೀಯ ವಿದ್ಯುತ್ ಜಾಲವನ್ನು ನಿರ್ವಹಿಸುವ ಎಂಜಿನಿಯರುಗಳಿಗೆ ಮಾತ್ರ ಅದು ಹಿಂದೆಂದೂ ಎದುರಾಗದ ಪರೀಕ್ಷೆ. ದೇಶವೆಲ್ಲ ಒಂದೇ ಗಳಿಗೆಯಲ್ಲಿ ದೀಪ ಆರಿಸಿದರೆ ಬೇಡಿಕೆ ಎಷ್ಟು ಕುಸಿದೀತು? ಅವರ ಅಂದಾಜು ಸುಮಾರು 12,000ದಿಂದ 13,000 ಮೆಗಾವಾಟ್. ನಿಜವಾಗಿ ಕುಸಿದದ್ದು 31,000 ಮೆಗಾವಾಟ್‌ಗೂ ಹೆಚ್ಚು.

ಅಂದು ಜಾಲ ಉಳಿದದ್ದು ಮುಖ್ಯವಾಗಿ ಜಲವಿದ್ಯುತ್ ಕೇಂದ್ರಗಳ ದೆಸೆಯಿಂದ. ರಾತ್ರಿ 8.45ರಿಂದ 9.10ರ ನಡುವಿನ 25 ನಿಮಿಷಗಳಲ್ಲಿ ದೇಶದ ಜಲವಿದ್ಯುತ್ ಉತ್ಪಾದನೆಯನ್ನು ಸುಮಾರು 25,500 ಮೆಗಾವಾಟ್‌ನಿಂದ 8,000 ಮೆಗಾವಾಟ್‌ಗೆ ಇಳಿಸಿ, ಜನ ಮತ್ತೆ ದೀಪ ಹಾಕಿದೊಡನೆ ಅಷ್ಟೇ ಚುರುಕಾಗಿ ಏರಿಸಲಾಯಿತು. ಆವರ್ತನ, ಅಂದರೆ ಫ್ರೀಕ್ವೆನ್ಸಿ, 49.70ರಿಂದ 50.26 ಹರ್ಟ್ಸ್‌ವರೆಗೆ ಓಲಾಡಿತು. ನಿಯಮದ ಪ್ರಕಾರ ಅದು 49.90 ಮತ್ತು 50.05ರ ನಡುವೆ ಇರಬೇಕು. ಪೂರ್ವಸಿದ್ಧತೆ ಇದ್ದುದರಿಂದ ಅನಾಹುತವೇನೂ ಆಗಲಿಲ್ಲ.

ಅಂದಾಜಿಗಿಂತ ಎರಡು ಪಟ್ಟಿಗೂ ಹೆಚ್ಚು ಕುಸಿತ ಆಗಬೇಕಾದರೆ ಜನ ದೀಪದೊಂದಿಗೆ ಇತರ ಉಪಕರಣಗಳನ್ನೂ ಆರಿಸಿರಬೇಕು. ಅದೇನೇ ಇರಲಿ, ಆ ರಾತ್ರಿ ಒಂದು ಸತ್ಯ ಬಯಲಾಯಿತು. ನಮ್ಮ ಮನೆಗಳ ಬೆಳಕಿನ ಹೊರೆ ಎಷ್ಟು, ಅದರ ನಡತೆ ಎಂಥದು ಎಂಬ ತಿಳಿವಳಿಕೆ ದೇಶಕ್ಕೆ ಅರೆಬರೆಯಾಗಿಯೇ ಇದೆ. ದೀಪವನ್ನು ನಾವು ವಾಟ್‌ನಲ್ಲಿ ಎಣಿಸುತ್ತೇವೆ, ಬಿಲ್ಲನ್ನು ಯೂನಿಟ್‌ನಲ್ಲಿ ಕಟ್ಟುತ್ತೇವೆ. ವಿದ್ಯುತ್ ಜಾಲಕ್ಕೆ ಬೇಕಾದ ಲೆಕ್ಕ ಬೇರೆ. ದೀಪ ಎಷ್ಟು ಪ್ರವಾಹ ಎಳೆಯುತ್ತದೆ, ಹೇಗೆ ಎಳೆಯುತ್ತದೆ, ವೋಲ್ಟೇಜ್ ಕುಸಿದ ಗಳಿಗೆಯಲ್ಲಿ ಏನು ಮಾಡುತ್ತದೆ ಎಂಬುದೂ ಅದರಲ್ಲಿ ಸೇರುತ್ತದೆ. ಟ್ಯೂಬ್‌ಲೈಟ್‌ನಿಂದ ಸಿಎಫ್ಎಲ್‌ಗೆ, ಅಲ್ಲಿಂದ ಎಲ್ಇಡಿಗೆ ಸಾಗಿಬಂದ ಹಾದಿಯುದ್ದಕ್ಕೂ ಈ ಎರಡನೆಯ ಲೆಕ್ಕ ಬದಿಗೆ ಸರಿದಿದೆ.

ಚೋಕ್ ಕಾಲದ ಹೊರೆ

ಪ್ರತಿದೀಪ್ತಿ ದೀಪ, ಅಂದರೆ ನಮ್ಮೆಲ್ಲರ ಮನೆಯ ಟ್ಯೂಬ್‌ಲೈಟ್, ತಾನಾಗಿಯೇ ಹೊತ್ತಿಕೊಳ್ಳುವ ದೀಪವಲ್ಲ. ಕೊಳವೆಯೊಳಗಿನ ಪಾದರಸದ ಆವಿಯಲ್ಲಿ ವಿದ್ಯುತ್ ಹರಿಯಲಾರಂಭಿಸಿದ ಮೇಲೆ ಅದಕ್ಕೆ ಕಡಿವಾಣ ಹಾಕದಿದ್ದರೆ ಪ್ರವಾಹ ಏರುತ್ತಲೇ ಹೋಗಿ ದೀಪ ಸುಟ್ಟುಹೋಗುತ್ತದೆ. ಆ ಕಡಿವಾಣವೇ ಚೋಕ್. ತಾಮ್ರದ ತಂತಿ ಸುತ್ತಿದ ಕಬ್ಬಿಣದ ಈ ತುಂಡು ದೀಪವನ್ನು ಕಾಪಾಡುತ್ತದೆಯಾದರೂ ಅದರ ಬೆಲೆಯನ್ನು ವಿದ್ಯುತ್ ಜಾಲದಿಂದ ವಸೂಲು ಮಾಡುತ್ತದೆ.

ಹಳೆಯ 40 ವಾಟ್ ಕೊಳವೆಗೆ ಚೋಕ್‌ನಲ್ಲಿ ನಷ್ಟವಾಗುವ 12 ವಾಟ್‌ನಷ್ಟನ್ನು ಸೇರಿಸಿದರೆ ಒಟ್ಟು 52 ವಾಟ್. 230 ವೋಲ್ಟ್‌ನಲ್ಲಿ ಅಷ್ಟು ಕೆಲಸಕ್ಕೆ 0.23 ಆಂಪಿಯರ್ ಸಾಕು. ಆದರೆ ಕೆಪಾಸಿಟರ್ ಇಲ್ಲದ ಪಟ್ಟಿ ಎಳೆಯುವುದು ಸುಮಾರು 0.43 ಆಂಪಿಯರ್. ಪವರ್ ಫ್ಯಾಕ್ಟರ್ 0.5ರ ಆಸುಪಾಸಿನಲ್ಲಿ ಇರುವುದೆಂದರೆ ಇದೇ. ಬಸ್ಸಿನ ಸೀಟುಗಳೆಲ್ಲ ಭರ್ತಿಯಾಗಿದ್ದು, ಊರು ತಲುಪಿದಾಗ ಅರ್ಧ ಮಂದಿ ಮಾತ್ರ ಇಳಿದು, ಉಳಿದವರು ಕುಳಿತಲ್ಲಿಯೇ ಹಿಂದಿರುಗಿದಂತೆ. ಕೆಲಸಕ್ಕೆ ಬಾರದ ಪ್ರವಾಹಕ್ಕೂ ತಂತಿ, ಟ್ರಾನ್ಸ್‌ಫಾರ್ಮರ್, ಜನರೇಟರ್‌ಗಳಲ್ಲಿ ಜಾಗ ಕೊಡಲೇಬೇಕು. ತಂತಿಯಲ್ಲಾಗುವ ನಷ್ಟವಂತೂ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಮಡಿ.

ಈ ಕಾಯಿಲೆಗೆ ಮದ್ದು ಸುಲಭವಾಗಿತ್ತು. ಪಟ್ಟಿಯೊಳಗೆ ಒಂದು ಸಣ್ಣ ಕೆಪಾಸಿಟರ್ ಕೂರಿಸಿದರೆ ಸಾಕು, ಈ ವ್ಯರ್ಥ ಪ್ರವಾಹದ ಬಹುಪಾಲು ಅಲ್ಲಲ್ಲಿಯೇ ತೀರಿಹೋಗುತ್ತದೆ. ಕಾರ್ಖಾನೆ, ಕಚೇರಿಗಳಲ್ಲಿ ಇದನ್ನು ಮಾಡಿದರು. ಮನೆಗಳಲ್ಲಿ ಮಾಡಿಸುವವರು ಯಾರು?

ಟ್ಯೂಬ್‌ಲೈಟ್‌ನ ಇನ್ನೊಂದು ಗುಣ ಹಳ್ಳಿಗಳ ಜನರಿಗೆ ಅನುಭವದಿಂದಲೇ ಗೊತ್ತು. ಪಂಪ್‌ಸೆಟ್‌ಗಳು ಓಡತೊಡಗಿ ವೋಲ್ಟೇಜ್ ಇಳಿದರೆ ಟ್ಯೂಬ್ ಮಿಣುಕಾಡುತ್ತದೆಯೇ ಹೊರತು ಹೊತ್ತಿಕೊಳ್ಳದು. ಮಾತು ತಡವಾಗಿ ಅರ್ಥವಾಗುವವರಿಗೆ ‘ಟ್ಯೂಬ್‌ಲೈಟ್’ ಎಂಬ ಅಡ್ಡಹೆಸರು ಬಂದದ್ದು ಈ ಗುಣದಿಂದಲೇ. ಆ ನಿಧಾನ ಮನೆಯವರಿಗೆ ಕಿರಿಕಿರಿಯಾದರೂ ಜಾಲದ ಕಷ್ಟಕಾಲದಲ್ಲಿ ಅದೊಂದು ಉಪಕಾರವಾಗಿತ್ತು. ಹೇಗೆಂಬುದನ್ನು ಮುಂದೆ ನೋಡೋಣ.

ಉಳಿತಾಯದ ದೀಪ

2000ದ ದಶಕದಲ್ಲಿ ಸಿಎಫ್ಎಲ್ ಬಂದಿತು. ಬೆಸ್ಕಾಂ 2004-05ರ ಹೊತ್ತಿಗೇ ಬೆಂಗಳೂರಿನ ಗ್ರಾಹಕರಿಗೆ ಸಿಎಫ್ಎಲ್ ತಲುಪಿಸುವ ಯೋಜನೆ ಕೈಗೊಂಡಿತ್ತು. ದೀಪ ಕೊಂಡು ಅದರ ಹಣವನ್ನು ವಿದ್ಯುತ್ ಬಿಲ್ಲಿನ ಜೊತೆ ಕಂತುಗಳಲ್ಲಿ ಕಟ್ಟುವ ಅನುಕೂಲವೂ ಇತ್ತು. 2009ರಲ್ಲಿ ಕೇಂದ್ರ ಸರ್ಕಾರ ‘ಬಚತ್ ಲ್ಯಾಂಪ್ ಯೋಜನೆ’ ಆರಂಭಿಸಿತು. ಹಳೆಯ ಬುರುಡೆ ಬಲ್ಬ್ ಕೊಟ್ಟವರಿಗೆ 15 ರೂಪಾಯಿಗೆ ಸಿಎಫ್ಎಲ್ ನೀಡಿ, ಉಳಿದ ವೆಚ್ಚವನ್ನು ಕಾರ್ಬನ್ ಕ್ರೆಡಿಟ್ ಮಾರಾಟದಿಂದ ತುಂಬಿಕೊಳ್ಳುವ ಯೋಜನೆ ಅದು. 60 ವಾಟ್ ಬಲ್ಬ್ ಜಾಗದಲ್ಲಿ 15 ವಾಟ್ ಸಿಎಫ್ಎಲ್ ಬಂದರೆ ಉಳಿತಾಯ ಶೇ 75. ಲೋಡ್ ಶೆಡ್ಡಿಂಗ್‌ನಿಂದ ಬೇಸತ್ತ ನಾಡಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ.

ಆದರೆ ಇಲ್ಲಿಯೂ ಎರಡನೆಯ ಲೆಕ್ಕವಿದೆ. ಸಿಎಫ್ಎಲ್‌ನ ಬುಡದಲ್ಲಿರುವುದು ಕಬ್ಬಿಣದ ಚೋಕ್ ಅಲ್ಲ, ಒಂದು ಪುಟ್ಟ ಎಲೆಕ್ಟ್ರಾನಿಕ್ ಮಂಡಲ. ಅಗ್ಗದ ಮಂಡಲವಾದರೆ ಪವರ್ ಫ್ಯಾಕ್ಟರ್ 0.6ರ ಆಸುಪಾಸಿನಲ್ಲೇ ಉಳಿಯುತ್ತದೆ. ಆಗ 15 ವಾಟ್ ದೀಪಕ್ಕಾಗಿ ಜಾಲ 25 ವೋಲ್ಟ್-ಆಂಪಿಯರ್ ಒದಗಿಸಬೇಕು. ವಾಟ್‌ನಲ್ಲಿ ಉಳಿತಾಯ ಶೇ 75 ಆದರೂ ಪ್ರವಾಹದಲ್ಲಿ ಉಳಿತಾಯ ಶೇ 58 ಮಾತ್ರ. ಪವರ್ ಫ್ಯಾಕ್ಟರ್ 0.9 ಇರುವ ದೀಪವಾದರೆ ಪ್ರವಾಹದ ಉಳಿತಾಯವೂ ಶೇ 72ಕ್ಕೆ ಏರುತ್ತದೆ. ಅಂಥ ಒಂದು ಕೋಟಿ ದೀಪಗಳ ಲೆಕ್ಕ ಹಿಡಿದರೆ, 150 ಮೆಗಾವಾಟ್ ಕೆಲಸಕ್ಕೆ ಒಂದು ಕಡೆ 250 ಎಂವಿಎ, ಇನ್ನೊಂದು ಕಡೆ 167 ಎಂವಿಎ ಸಾಮರ್ಥ್ಯ ಬೇಕಾಗುತ್ತದೆ. ಮೇಲುನೋಟಕ್ಕೆ ಒಂದೇ ಬಗೆಯ ಎರಡು ದೀಪಗಳ ನಡುವೆ 83 ಎಂವಿಎ ಅಂತರ. ಹಾಗೆಂದು ಸಿಎಫ್ಎಲ್ ನಷ್ಟದ ಬಾಬ್ತು ಎಂದು ತಿಳಿಯಬೇಕಿಲ್ಲ. ಒಂದು ಕೋಟಿ ಬುರುಡೆ ಬಲ್ಬ್‌ಗಳಿಗೆ ಬೇಕಿದ್ದದ್ದು 600 ಮೆಗಾವಾಟ್. ಕಳಪೆ ಸಿಎಫ್ಎಲ್ ಕೂಡ ಅದಕ್ಕಿಂತ ಎಷ್ಟೋ ಮೇಲು. ಸಿಗಬೇಕಾಗಿದ್ದ ಲಾಭದ ಒಂದು ಪಾಲು ಸದ್ದಿಲ್ಲದೆ ಸೋರಿಹೋಯಿತು ಎಂಬುದಷ್ಟೇ ಇಲ್ಲಿನ ದೂರು.

ಈ ಸೋರಿಕೆಗೆ ಹಳೆಯ ಮದ್ದು ನಾಟುವುದಿಲ್ಲ ಎಂಬುದು ಇನ್ನೂ ಮುಖ್ಯ. ಚೋಕ್ ಎಳೆಯುವ ಪ್ರವಾಹ ವೋಲ್ಟೇಜ್‌ಗಿಂತ ಹಿಂದೆ ಬೀಳುತ್ತದೆ. ಕೆಪಾಸಿಟರ್ ಅದನ್ನು ಸರಿದೂಗಿಸುತ್ತದೆ. ಅಗ್ಗದ ಎಲೆಕ್ಟ್ರಾನಿಕ್ ದೀಪದ ದೋಷ ಹಿಂದೆ ಬೀಳುವುದರಲ್ಲಿ ಇಲ್ಲ. ಅದು ಪ್ರವಾಹವನ್ನು ಒಂದೇ ಸಮನೆ ಎಳೆಯುವ ಬದಲು ವೋಲ್ಟೇಜ್ ಅಲೆ ತುತ್ತತುದಿಗೆ ಏರಿದಾಗ ಗಬಕ್ಕನೆ ಗುಟುಕರಿಸುತ್ತದೆ. 50 ಹರ್ಟ್ಸ್‌ನ ನಯವಾದ ಅಲೆ ಹೀಗೆ ಮುರುಕಾದಾಗ 150, 250 ಹರ್ಟ್ಸ್‌ನ ಉಪ ಅಲೆಗಳು ಹುಟ್ಟುತ್ತವೆ. ಎಂಜಿನಿಯರುಗಳು ಇವನ್ನೇ ಹಾರ್ಮೋನಿಕ್ಸ್ ಎನ್ನುತ್ತಾರೆ. ಇವುಗಳಿಗೆ ಕೆಪಾಸಿಟರ್ ಮದ್ದಾಗುವುದಿರಲಿ, ಕೆಲವು ಸಂದರ್ಭಗಳಲ್ಲಿ ಅನುರಣನ ಉಂಟಾಗಿ ತೊಂದರೆ ಹೆಚ್ಚುವುದೂ ಉಂಟು.

ಮೂರು ಫೇಸ್‌ಗಳ ವ್ಯವಸ್ಥೆಯಲ್ಲಿ ಹೊರೆ ಸಮನಾಗಿದ್ದರೆ ನ್ಯೂಟ್ರಲ್ ತಂತಿಯಲ್ಲಿ ಪ್ರವಾಹ ಇರಬಾರದು. 150 ಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ ಮಾತ್ರ ಈ ನಿಯಮಕ್ಕೆ ಒಳಪಡುವುದಿಲ್ಲ. ಮೂರೂ ಫೇಸ್‌ಗಳಿಂದ ಬಂದದ್ದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ. ಇಂಥ ದೀಪಗಳೂ ಕಂಪ್ಯೂಟರುಗಳೂ ತುಂಬಿದ ಕಟ್ಟಡದಲ್ಲಿ ನ್ಯೂಟ್ರಲ್ ತಂತಿ ಫೇಸ್ ತಂತಿಗಿಂತ ಹೆಚ್ಚು ಕಾಯುವುದು ಸಾಧ್ಯ. ಬೀದಿಯ ಟ್ರಾನ್ಸ್‌ಫಾರ್ಮರ್ ಕೂಡ ಬಿಸಿಯಾಗಿ ಆಯಸ್ಸು ಕಳೆದುಕೊಳ್ಳುತ್ತದೆ. ಈ ಅಲೆಗಳು 400 ಕಿಲೋವೋಲ್ಟ್ ಮಾರ್ಗದವರೆಗೆ ಹೋಗಿ ಜಾಲವನ್ನೇ ಕೆಡವುತ್ತವೆ ಎನ್ನುವುದು ಉತ್ಪ್ರೇಕ್ಷೆಯಾದೀತು. ಅದರ ಬಹುಪಾಲನ್ನು ಬೀದಿಯ ಟ್ರಾನ್ಸ್‌ಫಾರ್ಮರೇ ತಡೆದು ನಿಲ್ಲಿಸುತ್ತದೆ. ಆದ್ದರಿಂದ ಪೆಟ್ಟು ತಿನ್ನುವುದೂ ಅದೇ.

ಕುಸಿತದ ಹೊತ್ತಿನ ನಡತೆ

ಜಾಲದ ಸ್ಥಿರತೆಯ ನಿಜವಾದ ಪ್ರಶ್ನೆ ಬರುವುದು ವೋಲ್ಟೇಜ್ ಕುಸಿದಾಗ. ಬುರುಡೆ ಬಲ್ಬ್ ವಿದ್ಯುತ್ ನುಂಗುವುದರಲ್ಲಿ ದುಂದುಗಾರನಾದರೂ ಕಷ್ಟಕಾಲದಲ್ಲಿ ಒಳ್ಳೆಯ ನೆರೆಯವನಂತೆ ನಡೆದುಕೊಳ್ಳುತ್ತದೆ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಅದರ ಬಳಕೆ ಸುಮಾರು ಶೇ 15ರಷ್ಟು ಇಳಿಯುತ್ತದೆ. ದೀಪ ಮಂಕಾದಷ್ಟೂ ಜಾಲದ ಹೊರೆ ತಾನಾಗಿ ಹಗುರವಾಗುತ್ತದೆ. ಚೋಕ್ ಇರುವ ಟ್ಯೂಬ್‌ಲೈಟ್‌ನಲ್ಲಿ ವೋಲ್ಟೇಜ್ ಶೇ 1ರಷ್ಟು ಇಳಿದರೆ ಬಳಕೆಯೂ ಹೆಚ್ಚುಕಡಿಮೆ ಶೇ 1ರಷ್ಟು ಇಳಿಯುತ್ತದೆ. ಕೆಲಸಕ್ಕೆ ಬಾರದ ಪ್ರವಾಹದ ಹೊರೆಯಂತೂ ಅದರ ಮೂರು ಪಟ್ಟು ವೇಗದಲ್ಲಿ ತಗ್ಗುತ್ತದೆ. ವೋಲ್ಟೇಜ್ ತೀರ ಕುಸಿದರೆ ಟ್ಯೂಬ್ ಆರಿಯೇ ಹೋಗುತ್ತದೆ. ಅಂದರೆ ದಿನನಿತ್ಯದ ವ್ಯವಹಾರದಲ್ಲಿ ತೊಡಕಿನ ಗಿರಾಕಿಯಾದ ಚೋಕ್ ದೀಪ ಆಪತ್ತಿನಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು.

ಎಲೆಕ್ಟ್ರಾನಿಕ್ ಚೋಕ್ ಮತ್ತು ಎಲ್ಇಡಿ ದೀಪಗಳ ಕಾಲದಲ್ಲಿ ಈ ನಡತೆ ಬದಲಾಗಿದೆ. ಸರಳ ಸಿಎಫ್ಎಲ್‌ಗಳಲ್ಲಿ ಬಳಕೆ ವೋಲ್ಟೇಜ್‌ನೊಂದಿಗೆ ಒಂದಿಷ್ಟು ಇಳಿಯುತ್ತದೆ. ಉತ್ತಮ ದರ್ಜೆಯ ಎಲೆಕ್ಟ್ರಾನಿಕ್ ಚೋಕ್‌ಗಳು, ಎಲ್ಇಡಿಯ ನಿಯಂತ್ರಿತ ಡ್ರೈವರ್‌ಗಳು ಹಾಗಲ್ಲ. ವೋಲ್ಟೇಜ್ ಇಳಿದಷ್ಟೂ ಹೆಚ್ಚು ಪ್ರವಾಹ ಎಳೆದು ಬೆಳಕನ್ನು ಕುಂದದಂತೆ ಕಾಯುತ್ತವೆ. ‘ಕಡಿಮೆ ವೋಲ್ಟೇಜ್‌ನಲ್ಲೂ ಉರಿಯುತ್ತದೆ’ ಎಂಬುದು ಗ್ರಾಹಕನಿಗೆ ವರದಾನ. ಜಾಲಕ್ಕೆ ಅದೇ ಗುಣ ಇಕ್ಕಟ್ಟು. ಪ್ರವಾಹ ಹೆಚ್ಚಿದರೆ ತಂತಿಯಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ, ಕುಸಿದರೆ ದೀಪ ಇನ್ನಷ್ಟು ಪ್ರವಾಹ ಎಳೆಯುತ್ತದೆ. ದೀಪದ ಹೊರೆ ಈಗ ಮೊದಲಿಗಿಂತ ಎಷ್ಟೋ ಕಡಿಮೆ ಎಂಬುದು ಸಮಾಧಾನದ ಸಂಗತಿ. ಆದರೆ ಕಂಪ್ಯೂಟರ್, ಟಿ.ವಿ., ಇನ್ವರ್ಟರ್ ಎ.ಸಿ.ಗಳೂ ಇದೇ ಜಾಯಮಾನದವು.

ಇಂಥ ಸುಳಿ ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದಕ್ಕೆ ಜಪಾನ್ ಸಾಕ್ಷಿ. 1987ರ ಜುಲೈ 23ರಂದು ಟೋಕಿಯೊದಲ್ಲಿ ಸುಡುಬಿಸಿಲು. ಮಧ್ಯಾಹ್ನದ ಬಿಡುವಿನ ನಂತರ ಬೇಡಿಕೆ ನಿಮಿಷಕ್ಕೆ ಸುಮಾರು 400 ಮೆಗಾವಾಟ್‌ನಂತೆ ಏರಿತು. ಲಭ್ಯವಿದ್ದ ಕೆಪಾಸಿಟರ್‌ಗಳನ್ನೆಲ್ಲ ಜೋಡಿಸಿದರೂ ವೋಲ್ಟೇಜ್ ಕುಸಿಯುವುದು ನಿಲ್ಲಲಿಲ್ಲ. ಕೊನೆಗೆ 8,000 ಮೆಗಾವಾಟ್‌ನಷ್ಟು ಹೊರೆ ಕಳಚಿ ಬಿದ್ದು ಸುಮಾರು 28 ಲಕ್ಷ ಗ್ರಾಹಕರು ಕತ್ತಲಲ್ಲಿ ಉಳಿದರು. ವೋಲ್ಟೇಜ್ ಇಳಿದರೂ ಬಳಕೆ ಇಳಿಸದ ಹೊಸ ಬಗೆಯ ಹವಾನಿಯಂತ್ರಕಗಳ ನಡತೆ ಅದಕ್ಕೆ ಒಂದು ಕಾರಣವಾಗಿತ್ತು. ಅಲ್ಲಿ ಎಡವಿದ್ದು ದೀಪವಲ್ಲ, ನಿಜ. ಆದರೆ ಬೇಡಿಕೆಯ ಪ್ರಮಾಣದಷ್ಟೇ ಅದರ ಸ್ವಭಾವವೂ ಜಾಲವನ್ನು ಕೆಡವಬಲ್ಲದು ಎಂಬ ಪಾಠ ಎಲ್ಲರದು.

ರಾಯಚೂರಿನ ಕೊಂಡಿ

ಈ ಪಾಠ ಕರ್ನಾಟಕಕ್ಕೆ ಏಕೆ ಬೇಕು? 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣದ ದೀಪಗಳು ಉರಿಯುತ್ತಲೇ ಇದ್ದವು. ಆ ದುರಂತಕ್ಕೂ ದೀಪಗಳಿಗೂ ಸಂಬಂಧವಿರಲಿಲ್ಲ. ಮಿತಿಮೀರಿದ ವಿದ್ಯುತ್ ಸೆಳೆತ, ದುರ್ಬಲಗೊಂಡಿದ್ದ ಮಾರ್ಗಗಳು, ಬೀನಾ-ಗ್ವಾಲಿಯರ್ ಮಾರ್ಗದ ಕಡಿತ ಅದಕ್ಕೆ ಕಾರಣ. ನಾವು ಪಾರಾದದ್ದು ದಕ್ಷಿಣದ ಜಾಲ ಆಗ ಆವರ್ತನದ ಮಟ್ಟಿಗೆ ಬೇರೆಯಾಗಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಜೋಡಣೆಯಾಗಿ ಇಡೀ ದೇಶ ಒಂದೇ ಆವರ್ತನದಲ್ಲಿ ಮಿಡಿಯತೊಡಗಿತು. ಕೊರತೆಯ ಕಾಲದಲ್ಲಿ ಉತ್ತರದಿಂದ ವಿದ್ಯುತ್ ತರಿಸಿಕೊಳ್ಳುವ ದಾರಿ ಅದರಿಂದ ಸುಗಮವಾಯಿತು. ಜೊತೆಗೆ ಅಲ್ಲಿನ ಏರುಪೇರು ಇಲ್ಲಿಗೂ, ಇಲ್ಲಿನದು ಅಲ್ಲಿಗೂ ಕ್ಷಣಾರ್ಧದಲ್ಲಿ ಮುಟ್ಟುವಂತಾಯಿತು.

ಮತ್ತೊಂದು ಬದಲಾವಣೆ ಉತ್ಪಾದನೆಯ ಕಡೆಯದು. ಶರಾವತಿಯ ಅಥವಾ ರಾಯಚೂರು ಸ್ಥಾವರದ ಟರ್ಬೈನ್ ಟನ್‌ಗಟ್ಟಲೆ ತೂಕದ ತಿರುಗುವ ಚಕ್ರ. ಜಾಲದಲ್ಲಿ ಏರುಪೇರಾದರೆ ಅದರ ಜಡತ್ವವೇ ಮೊದಲ ಕೆಲವು ಕ್ಷಣ ಆವರ್ತನವನ್ನು ಹಿಡಿದು ನಿಲ್ಲಿಸುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್‌ನಲ್ಲಿ ತಿರುಗುವ ಚಕ್ರವಿಲ್ಲ, ಇರುವುದು ಇನ್ವರ್ಟರ್‌ಗಳು. ಬಳಕೆಯ ಕಡೆಯಲ್ಲೂ ಹೊರೆ ಎಲೆಕ್ಟ್ರಾನಿಕ್ ಆಗುತ್ತಿದೆ. ಹಿಂದೆ ಎರಡೂ ತುದಿಗಳಲ್ಲಿ ತಾನಾಗಿ ಒದಗುತ್ತಿದ್ದ ಸೈರಣೆಯನ್ನು ಇನ್ನು ಮುಂದೆ ಯೋಜಿಸಿ, ಹಣ ತೆತ್ತು ಪಡೆಯಬೇಕಾಗಿದೆ.

ಬಿಲ್ಲಿನಲ್ಲಿ ಕಾಣದ ಹೊರೆ

ಈ ಹಣ ಯಾರು ತೆರಬೇಕು ಎಂಬುದೇ ನಿಜವಾದ ಪ್ರಶ್ನೆ. ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಕಾರ್ಖಾನೆಗಳಿಗೆ ಎಸ್ಕಾಂಗಳು ಹೆಚ್ಚುವರಿ ಶುಲ್ಕ ಹಾಕುತ್ತವೆ. ಮನೆಗಳಿಗೆ ಆ ಶುಲ್ಕವಿಲ್ಲ. ಮನೆಯ ಬಿಲ್ಲು ನೈಜ ಬಳಕೆಯ ಯೂನಿಟ್‌ಗಳದು ಮಾತ್ರ. ಕಳಪೆ ದೀಪ ಕೊಂಡವನಿಗೂ ಉತ್ತಮ ದೀಪ ಕೊಂಡವನಿಗೂ ಬಿಲ್ಲು ಒಂದೇ. ವ್ಯತ್ಯಾಸದ ಹೊರೆ ಎಸ್ಕಾಂನ ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದು, ಅಲ್ಲಿಂದ ದರ ಪರಿಷ್ಕರಣೆಯ ಅರ್ಜಿಯ ಮೂಲಕ ಎಲ್ಲರ ತಲೆಗೆ ಹಂಚಿಹೋಗುತ್ತದೆ. ಮನೆಯವರನ್ನು ಇದಕ್ಕಾಗಿ ದೂರುವಂತಿಲ್ಲ. ಅಂಗಡಿಯಲ್ಲಿ ನಿಂತು ಪವರ್ ಫ್ಯಾಕ್ಟರ್ ವಿಚಾರಿಸಿ ಬಲ್ಬ್ ಕೊಳ್ಳುವವರು ಎಲ್ಲಿದ್ದಾರೆ?

ಕೊಳ್ಳುವವನಿಗೆ ಲಾಭವಿಲ್ಲದ, ಊರಿಗೆಲ್ಲ ಲಾಭವಿರುವ ಗುಣವನ್ನು ಮಾರುಕಟ್ಟೆ ತಾನಾಗಿ ಒದಗಿಸುವುದಿಲ್ಲ. ಅದನ್ನು ಕಾರ್ಖಾನೆಯ ಬಾಗಿಲಲ್ಲೇ ಕಡ್ಡಾಯ ಮಾಡಬೇಕು. ಅಮೆರಿಕದ ಎನರ್ಜಿ ಸ್ಟಾರ್ ಸಿಎಫ್ಎಲ್‌ಗಳಿಗೆ ಪವರ್ ಫ್ಯಾಕ್ಟರ್ 0.5 ಇದ್ದರೆ ಸಾಕು ಎಂದಿತು. ಯುರೋಪ್ 2009ರ ನಿಯಮದಲ್ಲಿ 25 ವಾಟ್‌ಗಿಂತ ಕಡಿಮೆಯ ದೀಪಗಳಿಗೆ ಅದೇ ಸಡಿಲಿಕೆ ಕೊಟ್ಟಿತು. ಉದ್ದನೆಯ ದುರ್ಬಲ ಮಾರ್ಗಗಳೂ ಏರುಪೇರಿನ ವೋಲ್ಟೇಜೂ ಇರುವ ಭಾರತ 0.85ರ ಮಾನಕವನ್ನು ಒಪ್ಪಿಕೊಂಡದ್ದು ವಿವೇಕದ ನಿರ್ಧಾರ. ಆದರೆ ಮಾನಕ ಕಾಗದದ ಮೇಲಿದ್ದರೆ ಸಾಲದು. 2017ರಲ್ಲಿ ದೀಪ ತಯಾರಕರ ಸಂಘ ಎಲ್ಕೋಮಾ ಪ್ರಕಟಿಸಿದ ನೀಲ್ಸನ್ ಸಮೀಕ್ಷೆಯಲ್ಲಿ, ದೆಹಲಿ, ಮುಂಬೈ, ಹೈದರಾಬಾದ್, ಅಹಮದಾಬಾದ್‌ಗಳಲ್ಲಿ ನೋಡಿದ ಎಲ್ಇಡಿ ಬಲ್ಬ್ ಬ್ರಾಂಡ್‌ಗಳಲ್ಲಿ ಶೇ 76ರಷ್ಟು ಗ್ರಾಹಕ ಸುರಕ್ಷತೆಯ ನಿಯಮಗಳನ್ನು ಪಾಲಿಸಿರಲಿಲ್ಲ. ಅದು ಪವರ್ ಫ್ಯಾಕ್ಟರ್‌ನ ಸಮೀಕ್ಷೆಯಲ್ಲ. ಸಮೀಕ್ಷೆ ನಡೆಸಿದವರು ಉದ್ಯಮದ ಪರವಾಗಿಯೇ ನಡೆಸಿದ್ದೆಂಬುದನ್ನೂ ಮರೆಯಬೇಕಿಲ್ಲ. ಆದರೂ ಕಣ್ಣಿಗೆ ಕಾಣುವ ನಿಯಮವನ್ನೇ ಪಾಲಿಸದ ಮಾರುಕಟ್ಟೆ ಕಾಣದ ನಿಯಮವನ್ನು ಎಷ್ಟು ಪಾಲಿಸೀತು ಎಂಬ ಸಂಶಯ ಸಹಜ.

ಕರ್ನಾಟಕಕ್ಕೆ ಇದರಲ್ಲಿ ವಿಶೇಷ ಹಿತಾಸಕ್ತಿ ಇದೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಡಿ ತಿಂಗಳಿಗೆ 200 ಯೂನಿಟ್ ಮಿತಿಯೊಳಗಿನ ಅರ್ಹ ಮನೆಗಳ ವಿದ್ಯುತ್ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಬಡ ಕುಟುಂಬಗಳಿಗೆ ಅದು ಕೊಟ್ಟ ನೆಮ್ಮದಿಯ ಬಗ್ಗೆ ತಕರಾರಿಲ್ಲ. ಆದರೆ ಶೂನ್ಯ ಬಿಲ್ಲಿನ ಮನೆಯಲ್ಲಿ ಒಳ್ಳೆಯ ದೀಪ ಕೊಳ್ಳಲು ಇದ್ದ ಒಂದೇ ಪ್ರೇರಣೆಯೂ ತೆಳುವಾಗುತ್ತದೆ. ಯೂನಿಟ್‌ನ ಹಣ ಕೊಡುವವರೇ ದೀಪದ ಗುಣಮಟ್ಟದ ಕಾವಲನ್ನೂ ಕಾಯುವುದು ನ್ಯಾಯ.

ಇನ್ನೊಂದು ಅವಕಾಶ

2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸೇರಿದ ಮಿನಮಾಟಾ ಒಪ್ಪಂದದ ರಾಷ್ಟ್ರಗಳು, ಸಾಮಾನ್ಯ ಬೆಳಕಿಗಾಗಿ ಬಳಸುವ ಪ್ರತಿದೀಪ್ತಿ ದೀಪಗಳ ತಯಾರಿಕೆ, ಆಮದು, ರಫ್ತುಗಳನ್ನು 2027ರ ಕೊನೆಯೊಳಗೆ ಹಂತಹಂತವಾಗಿ ನಿಲ್ಲಿಸಲು ಒಪ್ಪಿದವು. ಕಾರಣ ಜಾಲವಲ್ಲ, ಪಾದರಸ. ಭಾರತವೂ ಈ ಒಪ್ಪಂದದ ಭಾಗ. ಅಂದರೆ ಶಾಲೆ, ಆಸ್ಪತ್ರೆ, ಕಚೇರಿ, ಸಣ್ಣ ಕಾರ್ಖಾನೆಗಳಲ್ಲಿ ಉಳಿದಿರುವ ಟ್ಯೂಬ್‌ಲೈಟ್‌ಗಳ ಜಾಗಕ್ಕೆ ಬರುವ ಕೆಲವೇ ವರ್ಷಗಳಲ್ಲಿ ಎಲ್ಇಡಿ ಬರಲಿದೆ. ಸಿಎಫ್ಎಲ್ ಕಾಲದ ಲೋಪವನ್ನು ಸರಿಪಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಸರ್ಕಾರಿ ಇಲಾಖೆಗಳು ಸಗಟಾಗಿ ದೀಪ ಕೊಳ್ಳುವ ಟೆಂಡರ್‌ಗಳಲ್ಲಿ ವಾಟ್ ಮತ್ತು ಬೆಲೆಯ ಜೊತೆಗೆ ಪವರ್ ಫ್ಯಾಕ್ಟರ್, ಹಾರ್ಮೋನಿಕ್ಸ್‌ನ ಮಿತಿಯನ್ನೂ ಬರೆಯಬೇಕು, ಬಂದ ಮಾಲಿನಿಂದ ಮಾದರಿ ಎತ್ತಿ ಪರೀಕ್ಷಿಸಬೇಕು. ಹಳೆಯ ಪಟ್ಟಿಗೆ ಎಲ್ಇಡಿ ಕೊಳವೆ ಹಾಕುವಾಗ ಚೋಕ್ ಹಾಗೆಯೇ ಉಳಿದರೆ ನಷ್ಟ ಉಳಿಯುತ್ತದೆ. ಚೋಕ್ ತೆಗೆದು ಕೆಪಾಸಿಟರ್ ಬಿಟ್ಟರೆ ಹೊರೆ ಕಡಿಮೆಯಿರುವ ರಾತ್ರಿ ವೋಲ್ಟೇಜ್ ಅತಿಯಾಗಿ ಏರುವ ತೊಂದರೆಗೆ ಅದೂ ತನ್ನ ಪಾಲು ಸೇರಿಸುತ್ತದೆ. ಈ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗಳಿಗೆ ಎಸ್ಕಾಂಗಳು ಸ್ಪಷ್ಟ ಸೂಚನೆ ಕೊಡಬೇಕು. ಆಯ್ದ ಬಡಾವಣೆಗಳ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಹಾರ್ಮೋನಿಕ್ಸ್ ಅಳೆದು ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು.

ಒಂದು ದೀಪದಿಂದ ಜಾಲ ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ಆದರೆ ಕೋಟಿಗಟ್ಟಲೆ ದೀಪಗಳು ಒಂದೇ ಬಗೆಯಲ್ಲಿ ನಡೆದುಕೊಂಡರೆ ಅದೇ ಜಾಲದ ಸ್ವಭಾವವಾಗುತ್ತದೆ. ಪ್ರತಿ ದೀಪದಲ್ಲಿ ಕೆಲವೇ ರೂಪಾಯಿಯ ಬಿಡಿಭಾಗ ಉಳಿಸಿ, ಬೀದಿಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಲಕ್ಷಗಟ್ಟಲೆ ತೆರುವುದು ಮಿತವ್ಯಯ ಎನಿಸಿಕೊಳ್ಳದು. 2020ರ ಆ ರಾತ್ರಿ ಎಂಜಿನಿಯರುಗಳಿಗೆ ಮುನ್ಸೂಚನೆ ಇತ್ತು, ಜಲಾಶಯಗಳಲ್ಲಿ ನೀರಿತ್ತು. ಮುಂದಿನ ಆಪತ್ತು ಹೇಳಿಕೇಳಿ ಬರಲಾರದು.